ಕಾಗೆ ಕಾಯುವ ಶಿಬಿರ

ಏಪ್ರಿಲ್ 10ಕ್ಕೆ ಶಾಲೆಗಳು ಅಂಕಪಟ್ಟಿಯ ಜೊತೆಗೆ ಮಕ್ಕಳನ್ನೂ ವಾಪಸು ಕೊಟ್ಟುಬಿಡುತ್ತವೆ. ಅಂಕಪಟ್ಟಿಯನ್ನಾದರೆ ಸಹಿ ಹಾಕಿ ಬೀರುವಿನಲ್ಲಿಡಬಹುದು. ಮಕ್ಕಳನ್ನು ಮೇ ಮುಗಿಯುವ ತನಕ ಎಲ್ಲಿಡುವುದು? ಬೆಂಗಳೂರಿನಲ್ಲಿರುವ ನನ್ನ ಮಗ, ಸೊಸೆ, ಮಗಳು, ಅಳಿಯ ಒಟ್ಟಿಗೆ ಕೂತು ಯೋಚಿಸಿ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ: ಮೈಸೂರಿನಲ್ಲಿಡುವುದು.

ಮೂವರು ಬಂದಿಳಿದ ಮಾರನೆಯ ದಿನವೇ ಎದುರು ಮನೆಯವರು ಬೇಸಿಗೆ ಶಿಬಿರದ ಕರಪತ್ರ ಹಿಡಿದು ಬಂದರು. ಕೋಡಿಂಗ್, ಕೀಬೋರ್ಡ್, ಅಬಾಕಸ್, ಕೊನೆಗೆ ಪರ್ಸನಾಲಿಟಿ ಡೆವಲಪ್‌ಮೆಂಟ್. ಅವರ ಹುಡುಗನಿಗೆ ಮುಂದಿನ ಎರಡು ಹಲ್ಲು ಇನ್ನೂ ಹುಟ್ಟಿಲ್ಲ. ವ್ಯಕ್ತಿತ್ವ ಮಾತ್ರ ಹದಿನೈದು ದಿನದೊಳಗೆ ಹುಟ್ಟಿಬಿಡಬೇಕಂತೆ. ಫೀಸನ್ನು ಮೂರರಿಂದ ಗುಣಿಸಿದೆ. ಲೆಕ್ಕ ತಪ್ಪಿರಲಿ ಎಂಬ ಆಸೆಯಿಂದ ಇನ್ನೊಮ್ಮೆ ಗುಣಿಸಿದೆ. ನಾನು ಬ್ಯಾಂಕಿನಲ್ಲಿ ಇದ್ದವನು, ತಪ್ಪಿರಲಿಲ್ಲ. ಕಡಿಮೆ ಖರ್ಚಿನಲ್ಲಿ ಆಗುವುದೆಂದರೆ ರಂಗಾಯಣದ ಚಿನ್ನರ ಮೇಳ. ಆದರೆ ಅದಕ್ಕೆ ಅರ್ಜಿ ತರುವವರು ಬೇಗ ಏಳುವ ಜಾತಿಯವರು. ನಾನು ಕಾಫಿ ಕುಡಿದು, ಪೇಪರಿನ ನಿಧನವಾರ್ತೆಗಳನ್ನು ಮುಗಿಸಿ, ಚಪ್ಪಲಿ ಹುಡುಕುವ ಹೊತ್ತಿಗೆ ಅವರು ಅರ್ಜಿ ಹಿಡಿದು ಮನೆ ಸೇರಿದ್ದರು.

"ನಾನೇ ನಡೆಸ್ತೀನಿ ಶಿಬಿರ," ಎಂದು ಘೋಷಿಸಿದೆ. "ನಮ್ಮ ತಾರಸಿ ಮೇಲೆ. ಪುಕ್ಕಟೆ."

"ತಾರಸಿ ಮೇಲೆ ನನ್ನ ಸಂಡಿಗೆ ಇರುತ್ತೆ," ಎಂದಳು ನನ್ನವಳು.

ಹಾಗಾಗಿ ಶಿಬಿರದ ಪಠ್ಯಕ್ರಮ ತಾನಾಗಿಯೇ ಸಿದ್ಧವಾಯಿತು. ಬೆಳಿಗ್ಗೆ ಸಂಡಿಗೆ, ಮಧ್ಯಾಹ್ನ ಚೌಕಾಬಾರ. ಚೌಕಾಬಾರಕ್ಕೆ ಬಂಡವಾಳವೇ ಬೇಡ. ಸೀಮೆಸುಣ್ಣದಲ್ಲಿ 25 ಮನೆ ಬರೆದು, ನಾಲ್ಕು ಹುಣಸೆ ಬೀಜವನ್ನು ಒಂದೊಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರಾಯಿತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ. ಬೀಜ ಉಜ್ಜುವುದರಲ್ಲೇ ಒಂದು ಇಡೀ ಮಧ್ಯಾಹ್ನ ಸವೆಯಿತು. ಬೆರಳ ತುದಿಯೂ ಸ್ವಲ್ಪ. ಜೊತೆಗೆ ಇತಿಹಾಸದ ಪಾಠವೂ ಇರಲಿ ಎಂದು ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆ ಹೇಳಿದೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, 1868ರಲ್ಲಿ ಅವರು ತೀರಿಕೊಳ್ಳುವ ತನಕ ಹಿಂದಿರುಗಿಸಲೇ ಇಲ್ಲ. ನಮ್ಮ ನಾಡಿನ ಅತಿ ದೀರ್ಘವಾದ ರಜೆ ಅದು. ಅವರು ಅದನ್ನು ವ್ಯರ್ಥ ಮಾಡಲಿಲ್ಲ. ಚದುರಂಗ, ಪಗಡೆಗಳಲ್ಲಿ ಮುಳುಗಿದರು, ಹೊಸ ಹೊಸ ಆಟ ಕಟ್ಟಿದರು, 360 ಎಲೆಗಳ ಗಂಜೀಫಾ ಆಟ ಕೂಡ ಅವರ ಆಸ್ಥಾನದಲ್ಲಿತ್ತು. "ಅವರಿಗೆ ಮೊಬೈಲ್ ಕೊಟ್ಟಿರಲಿಲ್ವಾ ತಾತ?" ಎಂದ ಕಿರಿಯವನು. ಇತಿಹಾಸದ ಪಾಠ ಅಲ್ಲಿಗೆ ಮುಗಿಯಿತು.

ಶಿಬಿರಕ್ಕೆ ನಾಲ್ಕನೆಯ ವಿದ್ಯಾರ್ಥಿನಿಯೂ ಸಿಕ್ಕಳು. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳು, ಸರ್ಕಾರಿ ಶಾಲೆಯ ಐದನೇ ಕ್ಲಾಸು. ರಜೆಯಲ್ಲಿ ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವರಮ್ಮ ಜೊತೆಗೇ ಕರೆತರುತ್ತಿದ್ದಳು. ಚೌಕಾಬಾರದಲ್ಲಿ ಕಾಯಿ ಹೊಡೆಯುವುದರಲ್ಲಿ ಅವಳಿಗೆ ದಯೆ ದಾಕ್ಷಿಣ್ಯವೇ ಇರಲಿಲ್ಲ. ನನ್ನ ಹಣ್ಣಾಗುವ ಕಾಯಿಯನ್ನು ಬಾಗಿಲಲ್ಲೇ ಹೊಡೆದು ಹಾಕುತ್ತಿದ್ದಳು. ಒಂದು ದಿನ ಮಾತಿಗೆ ಕೇಳಿದೆ, "ಶಾಲೆ ಇಷ್ಟವೋ, ರಜೆ ಇಷ್ಟವೋ?"

"ಶಾಲೆ ಸಾರ್. ಅಲ್ಲಿ ಊಟ ಕೊಡ್ತಾರೆ. ಮೊಟ್ಟೆನೂ ಕೊಡ್ತಾರೆ."

ಬರ ಬಿದ್ದಿದ್ದ 2024ರಲ್ಲಿ ಸರ್ಕಾರ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಿತ್ತು. ಬರ ಇಲ್ಲದ ವರ್ಷ ಬರೀ ರಜೆ, ಅಷ್ಟೆ. ಪರ್ಸನಾಲಿಟಿಯ ಕರಪತ್ರ ಬೀದಿಯ ಎಲ್ಲ ಮನೆಗೂ ಹಂಚಿದ್ದರಲ್ಲ, ಈ ಹುಡುಗಿಯ ಕೈಗೆ ಯಾರೂ ಒಂದನ್ನೂ ಕೊಟ್ಟಿರಲಿಲ್ಲ. ನನಗೆ ಯಾಕೋ ಎದುರು ಮನೆಯವರ ಮೇಲೆ ಸಿಟ್ಟು ಬಂತು. ಅವರೇನೂ ಮಾಡಿರಲಿಲ್ಲ ಪಾಪ. ಮಾರನೆಯ ದಿನದಿಂದ ವೇಳಾಪಟ್ಟಿಯಲ್ಲಿ ಊಟವೂ ಸೇರಿತು. ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ತಿಳಿಸಿದಾಗ ಅವಳು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದಳು.

ಇನ್ನು ಕಾಗೆಗಳ ವಿಷಯ.

ಅರಳು, ಬೂದುಗುಂಬಳ, ಹಸಿಮೆಣಸಿನಕಾಯಿ, ಇಂಗು ಹಾಕಿ ಕಲಸಿದ ಸಂಡಿಗೆಯನ್ನು ಹಳೇ ಪಂಚೆಯ ಮೇಲೆ ಇಡುವಾಗಲೇ ಮಕ್ಕಳು ಕಾಲುಭಾಗ ಹಸಿಯಾಗಿ ತಿಂದಿದ್ದರು. ಉಳಿದದ್ದರ ಮೇಲೆ ಕಾಗೆಗಳ ಕಣ್ಣು. ಮೊದಲು ಕಪ್ಪು ಛತ್ರಿ ಬಿಚ್ಚಿಟ್ಟೆವು. ಕಾಗೆಗಳು ಬೆಳಿಗ್ಗೆಯೆಲ್ಲ ಅದನ್ನು ಅಧ್ಯಯನ ಮಾಡಿ, ಮಧ್ಯಾಹ್ನದ ಹೊತ್ತಿಗೆ ಅದರ ನೆರಳಲ್ಲೇ ಕೂತು ಸಂಡಿಗೆ ತಿಂದವು. ಆಗ ಹತ್ತು ವರ್ಷದ ಹಿರಿಯ ಮೊಮ್ಮಗಳು ವಿಜ್ಞಾನವನ್ನು ತಂದಳು. ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರು ಒಂದು ವಿಕಾರವಾದ ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟಿದ್ದರಂತೆ. ವರ್ಷಗಳು ಕಳೆದರೂ ಕಾಗೆಗಳು ಆ ಮುಖ ಮರೆಯಲಿಲ್ಲವಂತೆ. "ನಾವೂ ಒಂದು ಮುಖವಾಡ ಮಾಡೋಣ ತಾತ. ಒಂದ್ಸಲ ಚೆನ್ನಾಗಿ ಹೆದರಿಸಿಬಿಟ್ರೆ ಸಾಕು, ಆಮೇಲೆ ಅದನ್ನ ಕೋಲಿಗೆ ಸಿಗಿಸಿ ಇಟ್ರಾಯ್ತು."

ಕರಕುಶಲ ಕಲೆ, ವಿಜ್ಞಾನ, ರಂಗಭೂಮಿ, ಮೂರೂ ಒಂದರಲ್ಲೇ! ಕರಪತ್ರದವರು ಇದಕ್ಕೆ ಮೂರು ಫೀಸು ತೆಗೆದುಕೊಳ್ಳುತ್ತಿದ್ದರು. ಮಿಕ್ಸಿಯ ಡಬ್ಬ ಕತ್ತರಿಸಿದೆವು. ಕುಂಕುಮದ ನಾಲಿಗೆ, ತೆಂಗಿನ ನಾರಿನ ಮೀಸೆ, ಕಾಡಿಗೆಯ ಹುಬ್ಬು. ಅಳತೆ ತೆಗೆದದ್ದು ನನ್ನ ಮುಖದ್ದೇ, ಏಕೆಂದರೆ ನನ್ನದಕ್ಕೆ ಹೆಚ್ಚು ತಿದ್ದುವ ಅಗತ್ಯ ಬೀಳುವುದಿಲ್ಲವೆಂದು ಕಿರಿಯವನ ಅಭಿಪ್ರಾಯ. ನಾಲ್ವರು ನೀರಿನ ಟ್ಯಾಂಕಿನ ಹಿಂದೆ ಅಡಗಿದರು. ನಾನು ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಪಂಚೆಯ ತುದಿ ಹಿಡಿದು, ಯಕ್ಷಗಾನದ ಬಣ್ಣದ ವೇಷದಂತೆ ಅಬ್ಬರಿಸುತ್ತಾ ರಂಗ ಪ್ರವೇಶ ಮಾಡಿದೆ.

ಕಾಗೆಗಳು ಹಾರಿದವು. ಚಪ್ಪಾಳೆ ಬಿತ್ತು. ಆಮೇಲೆ ಅವು ವಾಪಸು ಬಂದವು, ನೆಂಟರಿಷ್ಟರನ್ನೆಲ್ಲ ಕರೆದುಕೊಂಡು. ಮೊಮ್ಮಗಳು ಸಂಶೋಧನೆಯ ದ್ವಿತೀಯಾರ್ಧವನ್ನು ಆಗಷ್ಟೇ ನೆನಪು ಮಾಡಿಕೊಂಡು ಟ್ಯಾಂಕಿನ ಹಿಂದಿನಿಂದ ಕೂಗಿದಳು: "ತಾತಾ, ಆ ಮುಖ ಕಂಡ್ರೆ ಕಾಗೆಗಳು ಗುಂಪು ಕಟ್ಕೊಂಡು ಅಟ್ಟಿಸ್ಕೊಂಡು ಬರ್ತಾವಂತೆ!" ಬಂದವು. ಒಂದು ತಲೆಗೆ ಕುಕ್ಕಿತು. ಇನ್ನೊಂದು ಮೀಸೆ ಕಿತ್ತುಕೊಂಡು ಹೋಯಿತು, ಗೂಡಿಗೆ ಬೇಕಾಗಿತ್ತೇನೋ. ನಾನು ಪೊರಕೆ ಬೀಸುತ್ತಾ ಸುತ್ತಿದೆ, ಸುತ್ತುತ್ತಾ ಸಂಡಿಗೆಯ ಮೇಲೆಯೇ ಕಾಲಿಟ್ಟೆ, ಮುಖವಾಡ ಜಾರಿ ಕೊರಳಿಗೆ ಬಿತ್ತು. ನನ್ನ ಸ್ವಂತ ಮುಖವನ್ನು ಕಾಗೆಗಳು ಬಿಸಿಲಲ್ಲಿ, ಅಷ್ಟು ಹತ್ತಿರದಿಂದ, ನಿಧಾನವಾಗಿ ನೋಡಿಕೊಂಡವು. ಎದುರು ತಾರಸಿಯಲ್ಲಿ ಆ ಹಲ್ಲಿಲ್ಲದ ಹುಡುಗ ಕೋಡಿಂಗ್ ಬಿಟ್ಟು ಬಾಯಿ ತೆರೆದು ನಿಂತಿದ್ದ.

ಕೆಳಗಿನಿಂದ ನನ್ನವಳ ದನಿ: "ರೀ, ಕಾಗೆಗೆ ಹೊಡೀಬೇಡ್ರೀ! ಮುಂದಿನ ವಾರ ಮಾವನವರ ತಿಥಿ!"

ತಿಥಿಯ ದಿನ ವಾಯಸ ಪಿಂಡ ಇಟ್ಟು "ಕಾ ಕಾ" ಎಂದು ಕರೆದೆ. ತೆಂಗಿನ ಮರದ ತುಂಬ ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ. ಗಂಟೆ ಎರಡಾಯಿತು. ಒಳಗೆ ವಡೆ ಆರುತ್ತಿತ್ತು, ಮಕ್ಕಳು ಹಸಿದಿದ್ದರು. ಪುರೋಹಿತರು ಗಂಭೀರವಾಗಿ ಕೇಳಿದರು, "ತಂದೆಯವರಿಗೆ ಏನಾದರೂ ಆಸೆ ಉಳಿದಿತ್ತೇ?"

"ಆಸೆ ಅಲ್ಲ," ಎಂದಳು ಮೊಮ್ಮಗಳು. "ತಾತ ಒಳಗೆ ಹೋದ್ರೆ ಬರ್ತಾರೆ."

ಹೋದೆ. ನಾನು ಹೊಸಿಲು ದಾಟುವಷ್ಟರಲ್ಲಿ ಅಪ್ಪ ಬಂದು ಎಲೆಯ ಮೇಲಿನ ವಡೆ ಎತ್ತಿಕೊಂಡು ಹೋದರಂತೆ. ಬದುಕಿದ್ದಾಗಲೂ ಹಾಗೆಯೇ, ಸಕ್ಕರೆ ಕಾಯಿಲೆಯ ಮನುಷ್ಯ, ನಾನು ಬ್ಯಾಂಕಿಗೆ ಹೊರಟು ಬೀದಿ ತಿರುಗಿದ ಮೇಲೆಯೇ ತಿಂಡಿ ಡಬ್ಬಕ್ಕೆ ಕೈ ಹಾಕುತ್ತಿದ್ದದ್ದು.