‘ಸರಾಸರಿ ಮತ್ತು ವಿಚಲನೆ’: ಲ್ಯಾಬ್ ರೆಕಾರ್ಡ್ ಪಾಠಪರಂಪರೆಯ ಒಂದು ವಿಮರ್ಶಾತ್ಮಕ ಪರಿಷ್ಕರಣ

ಪೀಠಿಕೆ

ಕನ್ನಡದಲ್ಲಿ ಗ್ರಂಥಸಂಪಾದನೆಯ ಪರಂಪರೆ ದೊಡ್ಡದು. ಹುಳ ತಿಂದ ಓಲೆಗರಿಗಳನ್ನು ಮಠಗಳ ಅಟ್ಟದಿಂದ ಇಳಿಸಿ, ಪ್ರತಿಗಳನ್ನು ಹೋಲಿಸಿ, ಶುದ್ಧಪಾಠವನ್ನು ನಿರ್ಣಯಿಸಿದ ವಿದ್ವಾಂಸರಿಗೆ ನಾಡು ಋಣಿಯಾಗಿದೆ. ಆದರೆ ಇವರಲ್ಲಿ ಒಬ್ಬರೂ ಇಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬ್ ರೆಕಾರ್ಡಿನ ಕಡೆ ಕಣ್ಣೆತ್ತಿ ನೋಡದಿರುವುದು ವಿಷಾದದ ಸಂಗತಿ. ಅರ್ಥವಾಗಲಿ ಬಿಡಲಿ, ಸೀನಿಯರಿಂದ ಜೂನಿಯರಿಗೆ ಒಂದಕ್ಷರ ಲೋಪವಾಗದಂತೆ, ಕೆಲವೊಮ್ಮೆ ಸೀನಿಯರ್‌ನ ಯುಎಸ್‌ಎನ್ ಸಮೇತ, ನಕಲಾಗುತ್ತ ಬಂದ ವಾಙ್ಮಯ ವೇದಗಳನ್ನು ಬಿಟ್ಟರೆ ಇದೊಂದೇ.

ಪ್ರಸ್ತುತ ಪರಿಷ್ಕರಣಕ್ಕೆ ಆಯ್ದುಕೊಂಡ ಕೃತಿ ‘ಎನ್ ನೈಜ ಸಂಖ್ಯೆಗಳ ಮೊತ್ತ, ಸರಾಸರಿ, ಮಾನಕ ವಿಚಲನೆಗಳನ್ನು ಪಾಯಿಂಟರ್ ಬಳಸಿ ಕಂಡುಹಿಡಿಯುವ ಪ್ರೋಗ್ರಾಂ’. ಕರ್ತೃ ಅಜ್ಞಾತ. ಕಾಲ ಅನಿಶ್ಚಿತ. ಮೂರು ಪ್ರತಿಗಳು ದೊರೆತಿವೆ. ‘ಅ’ ಪ್ರತಿ ಹಾಸ್ಟೆಲಿನ ಮಂಚದಡಿ ಸಿಕ್ಕ ಸೀನಿಯರ್ ರೆಕಾರ್ಡ್. ಚಹದ ಲೋಟದ ವೃತ್ತಾಕಾರದ ಕಲೆಯಿದೆ. ‘ಬ’ ಪ್ರತಿ ಕಾಲೇಜು ಗೇಟಿನೆದುರಿನ ಜೆರಾಕ್ಸ್. ‘ಕ’ ಪ್ರತಿ ವಾಟ್ಸ್ಯಾಪ್‌ನಲ್ಲಿ ಓಡಾಡುವ ಪಿಡಿಎಫ್. ಫೋಟೋ ತೆಗೆದವನ ಹೆಬ್ಬೆರಳು ಎಂಟನೆಯ ಸಾಲನ್ನು ಮುಚ್ಚಿರುವುದರಿಂದ ಆ ಸಾಲನ್ನು ಊಹಾಪಾಠವೆಂದೇ ತಿಳಿಯಬೇಕು.

ಲಿಪಿಕಾರ ಸ್ಖಾಲಿತ್ಯಗಳು ಹಲವು. ‘ಅ’ ಪ್ರತಿಯಲ್ಲಿ ವರ್ಗಮೂಲ ತೆಗೆಯುವ ಫಂಕ್ಷನ್ನಿನ ಹೆಸರು ಎಸ್-ಕ್ಯೂ-ಆರ್-ಟಿ ಎಂದು ಸ್ಪಷ್ಟವಾಗಿದೆ. ‘ಬ’ದಲ್ಲಿ ಕ್ಯೂ ಅಕ್ಷರದ ಬಾಲ ಜೆರಾಕ್ಸಿನಲ್ಲಿ ಹಾರಿಹೋಗಿ ಎಸ್-ಓ-ಆರ್-ಟಿ ಆಗಿದೆ. ವರ್ಗಮೂಲವಿದ್ದ ಜಾಗದಲ್ಲಿ ವಿಂಗಡಣೆ ಬಂದು ಕುಳಿತರೂ ಒಂದು ಬ್ಯಾಚ್ ಪೂರ್ತಿ ಹಾಗೆಯೇ ಬರೆದು, ಸಹಿ ಹಾಕಿಸಿಕೊಂಡು, ಪಾಸಾಗಿದೆ. ರೆಕಾರ್ಡನ್ನು ಯಾರೂ ಓದುವುದಿಲ್ಲ ಎಂಬ ಹಳೆಯ ವಾದಕ್ಕೆ ಇದಕ್ಕಿಂತ ಗಟ್ಟಿ ಆಂತರಿಕ ಪ್ರಮಾಣ ಬೇಕಿಲ್ಲ.

ಇನ್‌ಪುಟ್ ವಿಚಾರ

ಮೂರೂ ಪ್ರತಿಗಳು ಜಗಳವಿಲ್ಲದೆ ಒಪ್ಪುವ ಒಂದೇ ಭಾಗವೆಂದರೆ ಇನ್‌ಪುಟ್: 1, 2, 3, 4, 5. ಔಟ್‌ಪುಟ್: ಮೊತ್ತ 15, ಸರಾಸರಿ 3, ಮಾನಕ ವಿಚಲನೆ 1.414. ಬೇರೆ ಸಂಖ್ಯೆ ಕೊಟ್ಟು ನೋಡಿದ ದಾಖಲೆ ಇಡೀ ಪರಂಪರೆಯಲ್ಲಿ ಎಲ್ಲೂ ಸಿಗುವುದಿಲ್ಲ.

ಈ ಐದು ಅಂಕಿಗಳ ಸ್ವಭಾವ ಎಷ್ಟು ಸಾಧುವಾದದ್ದು ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಕೂಡಿ ಭಾಗಿಸಿದರೆ ಬರುವುದು 3. ಸಾಲಾಗಿ ನಿಲ್ಲಿಸಿ ನಡುವಿನದನ್ನು ಎತ್ತಿದರೂ 3. ಸರಾಸರಿ ಮತ್ತು ಮಧ್ಯಾಂಕ ಇಲ್ಲಿ ಒಂದೇ ಕಡೆ ಕುಳಿತುಬಿಡುವುದರಿಂದ ಇವೆರಡೂ ಯಾವತ್ತಾದರೂ ಜಗಳವಾಡಬಹುದೆಂಬ ಗುಮಾನಿಯೇ ವಿದ್ಯಾರ್ಥಿಗೆ ಬರುವುದಿಲ್ಲ. ಸರಾಸರಿ ಎಂದರೆ ನಡುವೆ ಇರುವುದು ಎಂದು ನಂಬಿಕೊಂಡು ಅವನು ಡಿಗ್ರಿ ಮುಗಿಸುತ್ತಾನೆ, ಕೆಲಸಕ್ಕೆ ಸೇರುತ್ತಾನೆ, ಡ್ಯಾಶ್‌ಬೋರ್ಡ್ ಕಟ್ಟುತ್ತಾನೆ.

ಪೂರ್ವಪಕ್ಷಿ, ಅಂದರೆ ಕೊನೆಯ ಬೆಂಚಿನವನು, ಇಲ್ಲಿ ಆಕ್ಷೇಪಿಸುತ್ತಾನೆ: “ಸರ್, ಪ್ರೋಗ್ರಾಂ ರನ್ ಆಗಿ ಔಟ್‌ಪುಟ್ ಬಂದ್ರೆ ಸಾಕಲ್ವಾ? ವೈವಾದಲ್ಲಿ ಇಷ್ಟೇ ಕೇಳೋದು.” ಆಕ್ಷೇಪ ಬಲವಾದದ್ದೇ. ವೈವಾದ ಮಟ್ಟಿಗೆ ಸಿದ್ಧಾಂತಿಯ ಬಳಿ ಉತ್ತರವಿಲ್ಲ.

ಸರಾಸರಿ ಪ್ರಕರಣ

ಸಿಇಟಿ ಕೌನ್ಸೆಲಿಂಗ್ ಹತ್ತಿರವಾದಾಗ ಹೆದ್ದಾರಿಯ ಬದಿ ಏಳುವ ಹೋರ್ಡಿಂಗುಗಳು ಈ ಪ್ರಕರಣದ ಶಿಲಾಶಾಸನಗಳು. ಒಂದು ಬ್ರಾಂಚಿನಲ್ಲಿ ಹತ್ತು ಮಂದಿಗೆ ಕೆಲಸ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಒಂಬತ್ತು ಮಂದಿಗೆ ವರ್ಷಕ್ಕೆ 3.6 ಲಕ್ಷ. ಹತ್ತನೆಯವಳು ಪಿಯುಸಿಯಿಂದಲೇ ಕೋಡಿಂಗ್ ಸ್ಪರ್ಧೆಗಳಲ್ಲಿ ರಾತ್ರಿಯೆಲ್ಲ ಕೂತವಳು; ಕಾಲೇಜಿನ ಸಹಾಯವಿಲ್ಲದೆ, ಸ್ವಲ್ಪಮಟ್ಟಿಗೆ ಕಾಲೇಜು ಅಡ್ಡ ಬಂದರೂ, 52 ಲಕ್ಷದ ಆಫರ್ ತಂದಳು. ಮೊತ್ತ 84.4, ಹತ್ತರಿಂದ ಭಾಗಿಸಿದರೆ 8.44. ಹೋರ್ಡಿಂಗಿನಲ್ಲಿ ‘ಸರಾಸರಿ ಪ್ಯಾಕೇಜ್ 8.44 ಲಕ್ಷ’ ಎಂಬ ಬರಹ, ಪಕ್ಕದಲ್ಲಿ ಅಧ್ಯಕ್ಷರ ನಗುಮುಖ. ಇದರಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಹತ್ತು ಮಂದಿಯಲ್ಲಿ 8.44ರ ಸುತ್ತಮುತ್ತ ಸಂಬಳ ಪಡೆಯುವವರು ಮಾತ್ರ ಯಾರೂ ಇಲ್ಲ.

ಎರಡೇ ಸಂಖ್ಯೆಗಳ ಸರಾಸರಿಯಾದರೂ ಸುಲಭವಿದ್ದೀತೆಂದು ಭಾವಿಸುವವರಿಗೆ ಜಾವಾ ಪುರಾಣವನ್ನು ನೆನಪಿಸಬೇಕು. ಜಾವಾ ಲೈಬ್ರರಿಯ ಬೈನರಿ ಸರ್ಚ್‌ನಲ್ಲಿ ಕೆಳತುದಿ, ಮೇಲ್ತುದಿ ಎರಡನ್ನೂ ಕೂಡಿ ಎರಡರಿಂದ ಭಾಗಿಸುವ ಒಂದು ಸಾಲಿತ್ತು. ಮೊತ್ತ 2,14,74,83,647 ದಾಟಿದ ಕೂಡಲೆ 32 ಬಿಟ್‌ನ ಇಂಟ್ ತುಂಬಿ ಚೆಲ್ಲಿ ಋಣಸಂಖ್ಯೆಯಾಗುತ್ತದೆ. ‘ನಡು’ ಎಂಬುದು ಸಾಲಿನ ಆಚೆಗೆಲ್ಲೋ ಹೋಗಿ ನಿಲ್ಲುತ್ತದೆ. ವರ್ಷಗಟ್ಟಲೆ ಯಾರಿಗೂ ಇದು ಕಾಣಲಿಲ್ಲ. ಕೊನೆಗೆ ಆ ಸಾಲನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಬರೆದು ಲೋಕಕ್ಕೆ ತಿಳಿಸಿದರು. ಕೆಳತುದಿಗೆ ಅಂತರದ ಅರ್ಧವನ್ನು ಕೂಡಿಸಿದರೆ ದೋಷ ಹೋಗುತ್ತದೆ. ನಮ್ಮ ‘ಕ’ ಪ್ರತಿಯಲ್ಲಿ ದೋಷ ಇನ್ನೂ ಸರಳವಾದದ್ದು: ಯಾರೋ ಫ್ಲೋಟ್ ಎಂಬಲ್ಲಿ ಇಂಟ್ ಎಂದು ತಿದ್ದಿದ್ದಾರೆ. ಅಲ್ಲಿ 7 ಮತ್ತು 8ರ ಸರಾಸರಿ 7. ಆ ಅರ್ಧ ಎಲ್ಲಿ ಹೋಯಿತೆಂದು ಸಿ ಭಾಷೆ ಹೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ.

ಮಧ್ಯಾಂಕ ಪ್ರಕರಣ

ಹೋರ್ಡಿಂಗಿನ ಹತ್ತು ಸಂಬಳಗಳ ಮಧ್ಯಾಂಕ 3.6 ಲಕ್ಷ. ಹತ್ತನೆಯವಳಿಗೆ 52ರ ಬದಲು 520 ಲಕ್ಷ ಸಿಕ್ಕಿದ್ದರೂ ಮಧ್ಯಾಂಕ ಕದಲುತ್ತಿರಲಿಲ್ಲ. ಈ ಕಾರಣಕ್ಕಾಗಿಯೇ ಯಾವ ಹೋರ್ಡಿಂಗಿನಲ್ಲೂ ಅದಕ್ಕೆ ಜಾಗವಿಲ್ಲ.

ಮಧ್ಯಾಂಕದ ನಿಜವಾದ ಉಪಯೋಗ ಕಾಣಬೇಕಾದರೆ ಲ್ಯಾಬಿನ ಮೂಲೆಯಲ್ಲಿ ನಡೆಯುವ ಈ ವಾದವನ್ನು ಕೇಳಬೇಕು. “ಮಗಾ, ನನ್ನ ಸಾರ್ಟಿಂಗ್ ನಿಂದಕ್ಕಿಂತ ಫಾಸ್ಟು.” “ಎಷ್ಟು ಸಲ ರನ್ ಮಾಡ್ದೆ?” “ಒಂದ್ಸಲ. ಯಾಕೆ, ಎಷ್ಟ್ ಸಲ ಮಾಡ್ಬೇಕು?” ಅದೇ ಪ್ರೋಗ್ರಾಂ ಅದೇ ಯಂತ್ರದಲ್ಲಿ ಏಳು ಸಲ ಓಡಿ 12, 11, 12, 13, 11, 12, 97 ಮಿಲಿಸೆಕೆಂಡ್ ತೆಗೆದುಕೊಂಡಿತೆನ್ನಿ. ಏಳನೆಯ ಸಲಕ್ಕೆ ಸರಿಯಾಗಿ ಆಂಟಿವೈರಸ್‌ಗೆ ಅಪ್‌ಡೇಟ್ ನೆನಪಾಗಿತ್ತು. ಸರಾಸರಿ 24. ಆ ಪ್ರೋಗ್ರಾಂ ಒಮ್ಮೆಯೂ 24 ಮಿಲಿಸೆಕೆಂಡ್ ತೆಗೆದುಕೊಂಡದ್ದಿಲ್ಲ. ಮಧ್ಯಾಂಕ 12, ಕಣ್ಣಿಗೆ ಕಂಡದ್ದೂ 12. ಹಾಗೆಂದು 97ನ್ನು ಒರೆಸಿ ಹಾಕುವಂತಿಲ್ಲ; ಅದೇ ಪ್ರೋಗ್ರಾಂ ನಾಳೆ ಬ್ಯಾಂಕಿನ ಸರ್ವರಿನಲ್ಲಿ ಕೂತರೆ ಗಿರಾಕಿ ಫೋನೆತ್ತಿ ಬಯ್ಯುವುದು ಆ 97ರ ಹೊತ್ತಿನಲ್ಲೇ. ಆದ್ದರಿಂದಲೇ ಸರ್ವರ್ ನೋಡಿಕೊಳ್ಳುವವರು ಸರಾಸರಿಯನ್ನು ಬದಿಗಿಟ್ಟು, ನೂರಕ್ಕೆ 95 ಅಥವಾ 99 ಕೋರಿಕೆಗಳು ಎಷ್ಟರೊಳಗೆ ಮುಗಿದವೆಂದು ಕೇಳುತ್ತಾರೆ.

ಜಾವಾಸ್ಕ್ರಿಪ್ಟ್ ಶಾಖೆಯವರಿಗೆ ಒಂದು ವಿಶೇಷ ಸೂಚನೆ. ಆ ಭಾಷೆಯ ವಿಂಗಡಣೆ, ಬೇರೆ ಹೇಳದಿದ್ದರೆ, ಸಂಖ್ಯೆಗಳನ್ನು ಅಕ್ಷರಮಾಲೆಯೆಂದೇ ತಿಳಿದು ಜೋಡಿಸುತ್ತದೆ. 7, 9, 10, 25, 100 ಕೊಟ್ಟರೆ 10, 100, 25, 7, 9 ಎಂದು ಸಾಲು ನಿಲ್ಲಿಸಿ, 10 ಇರಬೇಕಾದ ಮಧ್ಯಾಂಕವನ್ನು 25 ಎಂದು ಒಪ್ಪಿಸುತ್ತದೆ. ನಿಘಂಟುಕಾರರ ದೃಷ್ಟಿಯಿಂದ ಇದು ನಿರ್ದುಷ್ಟ ಕ್ರಮ.

ಬಹುಲಕ ಪ್ರಕರಣ

ಹೆಚ್ಚು ಸಲ ಬಂದದ್ದು ಬಹುಲಕ. ಎರಡು ಸಂಖ್ಯೆಗಳು ಸಮಸಮ ಬಂದರೆ ಪೈಥಾನಿನ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲು ಮೊದಲು ಎರರ್ ಕೊಟ್ಟು ಮುನಿಸಿಕೊಳ್ಳುತ್ತಿತ್ತು, 3.8ನೇ ಆವೃತ್ತಿಯಿಂದ ಮೊದಲು ಕಂಡದ್ದನ್ನೇ ಕೊಟ್ಟು ಸುಮ್ಮನಾಗುತ್ತದೆ. ಈ ಪ್ರಕರಣದಲ್ಲಿ ಇಷ್ಟೇ ಇರುವುದು.

ಪಾಠಾಂತರ: ಎನ್ ಅಥವಾ ಎನ್ ಮೈನಸ್ ಒಂದು

ಇನ್ನು ಈ ಪರಿಷ್ಕರಣದ ಜೀವಾಳಕ್ಕೆ ಬರೋಣ. 1, 2, 3, 4, 5ರ ಮಾನಕ ವಿಚಲನೆ ನಂಪೈ ಶಾಖೆಯಲ್ಲಿ 1.414. ಪಾಂಡಾಸ್ ಶಾಖೆಯಲ್ಲಿ ಅದೇ ಐದು ಅಂಕಿಗಳಿಗೆ 1.581. ಮೊದಲನೆಯದು ಏನೂ ಹೇಳದಿದ್ದರೆ ಎನ್‌ನಿಂದ ಭಾಗಿಸುತ್ತದೆ, ಎರಡನೆಯದು ಎನ್ ಮೈನಸ್ ಒಂದರಿಂದ. ಪೈಥಾನಿನ ಸ್ವಂತ ಮಾಡ್ಯೂಲು, ಎರಡು ಮಠಗಳಿಗೂ ನಡೆದುಕೊಳ್ಳುವ ಜಾಣನಂತೆ, ಎರಡಕ್ಕೂ ಒಂದೊಂದು ಫಂಕ್ಷನ್ ಇಟ್ಟುಕೊಂಡಿದೆ. ಒಂದೇ ದತ್ತಾಂಶಕ್ಕೆ ಅಕ್ಕಪಕ್ಕದ ಇಬ್ಬರು ವಿದ್ಯಾರ್ಥಿಗಳು ಎರಡು ಉತ್ತರ ಬರೆದಾಗ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಇಬ್ಬರಲ್ಲಿ ಒಬ್ಬನನ್ನು ತಪ್ಪು ಎನ್ನುತ್ತಾರೆ. ಯಾರನ್ನು ಎಂಬುದು ಅವರು ಓದಿದ ಪುಸ್ತಕವನ್ನು ಅವಲಂಬಿಸಿದೆ.

ಭೇದಕ್ಕೆ ಕಾರಣವುಂಟು. ಸರಾಸರಿ 3ರಿಂದ ಐದೂ ಅಂಕಿಗಳು ಎಷ್ಟೆಷ್ಟು ಸರಿದಿವೆ? ಮೈನಸ್ 2, ಮೈನಸ್ 1, 0, 1, 2. ಇವನ್ನು ಕೂಡಿದರೆ ಸೊನ್ನೆ. ಯಾವ ದತ್ತಾಂಶ ತಂದರೂ ಸೊನ್ನೆಯೇ. ಅಂದರೆ ಮೊದಲ ನಾಲ್ಕು ಗೊತ್ತಾದರೆ ಐದನೆಯದು ಬಾಯಿ ತೆರೆಯುವುದೇ ಬೇಡ, ಅದು ಏನು ಹೇಳಬೇಕೆಂಬುದು ಆಗಲೇ ನಿಶ್ಚಯವಾಗಿರುತ್ತದೆ. ಜೊತೆಗೆ, ಒಂದು ಮಾದರಿಯ ಅಂಕಿಗಳು ತಮ್ಮದೇ ಸರಾಸರಿಗೆ ಹತ್ತಿರ ಇರುವಷ್ಟು ಇಡೀ ಸಮೂಹದ ಸರಾಸರಿಗೆ ಹತ್ತಿರ ಇರುವುದಿಲ್ಲ. ಹಾಗಾಗಿ ಎನ್‌ನಿಂದ ಭಾಗಿಸಿದರೆ ಚದುರುವಿಕೆ ಇದ್ದದ್ದಕ್ಕಿಂತ ಕಡಿಮೆ ಎಂದು ತೋರುತ್ತದೆ. ಐದು ಜನರ ಕುಟುಂಬದ ಬಗ್ಗೆಯೇ ಹೇಳುವುದಿದ್ದರೆ ಎನ್ ಸಾಕು. ಐದು ಜನರನ್ನು ನೋಡಿ ಊರಿನ ಬಗ್ಗೆ ಹೇಳುವುದಿದ್ದರೆ ಒಂದನ್ನು ಕಳೆಯಬೇಕು. ರೆಕಾರ್ಡಿನ ಮೂರೂ ಪ್ರತಿಗಳು ಎನ್‌ನಿಂದ ಭಾಗಿಸುತ್ತವೆ. ಯಾವ ಊರು, ಯಾವ ಕುಟುಂಬ ಎಂದು ಕೇಳುವುದಿಲ್ಲ.

ಹೋರ್ಡಿಂಗಿನ ಸಂಬಳಗಳಿಗೆ ಎನ್ ಪಾಠದ ಪ್ರಕಾರ ವಿಚಲನೆ 14.52 ಲಕ್ಷ. ಸರಾಸರಿ 8.44ರಿಂದ ಒಂದು ವಿಚಲನೆ ಕೆಳಗಿಳಿದರೆ ಮೈನಸ್ 6.08 ಲಕ್ಷ ಬರುತ್ತದೆ, ಅಂದರೆ ಅಭ್ಯರ್ಥಿಯೇ ಕಂಪನಿಗೆ ವರ್ಷಕ್ಕೆ ಆರು ಲಕ್ಷ ಕಟ್ಟಬೇಕು. ಗಂಟೆಯಾಕಾರದ ವಕ್ರರೇಖೆಯನ್ನು ಎಲ್ಲೆಂದರಲ್ಲಿ ಹೊದಿಸಬಾರದೆಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುವ ರೂಢಿ. ಟ್ರೇನಿಂಗ್ ಕೊಡುತ್ತೇವೆಂದು ಡಿಪಾಸಿಟ್ ಕೇಳುವ ಕಂಪನಿಗಳನ್ನು ಕಂಡವರು ಮಾತ್ರ ಈ ಉತ್ತರ ಅಸಂಭವವೆಂದು ಒಪ್ಪುವುದಿಲ್ಲ.

ಚಿಕ್ಕ ಮಾದರಿಗಳ ಈ ಗೋಳನ್ನು ಗಂಭೀರವಾಗಿ ಹಚ್ಚಿಕೊಂಡವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ ವಿಲಿಯಂ ಗಾಸೆಟ್. 1908ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಅವರ ಪ್ರಬಂಧ ಬಂತು. ಶಾಸ್ತ್ರದ ಈ ಭಾಗದಲ್ಲಿ ಬಿಯರ್ ಎಂಬ ಅಂಶವನ್ನು ಮಾತ್ರ ಯಾವ ವಿದ್ಯಾರ್ಥಿಯೂ ಮರೆತ ದಾಖಲೆಯಿಲ್ಲ.

ಯಾವ ಶಾಸ್ತ್ರವಾದರೂ ಮೂಲತಃ ನಮ್ಮದೇ ಎಂದು ಸಾಧಿಸದೆ ಕನ್ನಡದ ಸಂಶೋಧನ ಪ್ರಬಂಧ ಮುಗಿಯುವ ಪದ್ಧತಿಯಿಲ್ಲ. ಸಾಮಾನ್ಯವಾಗಿ ಇಲ್ಲಿ ತುಸು ಎಳೆದಾಡಬೇಕಾಗುತ್ತದೆ. ಈ ಸಲ ಆ ಕಷ್ಟವಿಲ್ಲ. ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್, 1945ರಲ್ಲಿ ಕಲ್ಕತ್ತದಿಂದ ಪ್ರಕಟಿಸಿದ ಪ್ರಬಂಧದಲ್ಲಿ, ಪಕ್ಷಪಾತವಿಲ್ಲದ ಅಂದಾಜುಸೂತ್ರವನ್ನು ಎಷ್ಟೇ ಜಾಣತನದಿಂದ ಹೆಣೆದರೂ ಅದರ ಚದುರುವಿಕೆ ಒಂದು ಗೆರೆಗಿಂತ ಕೆಳಗಿಳಿಯದೆಂದು ತೋರಿಸಿದರು. ಕ್ರಾಮೆರ್–ರಾವ್ ಎಲ್ಲೆ ಎಂದು ಜಗತ್ತು ಕರೆಯುವುದು ಇದನ್ನೇ. 2023ರಲ್ಲಿ, ತಮ್ಮ 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದರು. ಅದೇ ವರ್ಷ ತೀರಿಕೊಂಡರು. ಇದನ್ನು ತರಗತಿಯಲ್ಲಿ ವಿವರಿಸಿದಾಗ ಪೂರ್ವಪಕ್ಷಿ ಕೇಳಿದ್ದು: “ಹಂಗಾದ್ರೆ ಒಂದ್ ಲೆವೆಲ್ ಆದ್ಮೇಲೆ ಟ್ರೈ ಮಾಡೋದೇ ವೇಸ್ಟ್ ಅಲ್ವಾ ಸರ್?” ಕೆಲವು ಶಿಷ್ಯರಿಗೆ ಪ್ರಮೇಯಗಳು ಬಹಳ ಬೇಗ ದಕ್ಕುತ್ತವೆ.

ಪರಿಶಿಷ್ಟ: ಆಯುಧಪೂಜಾ ಪ್ರಯೋಗ

ಮಹಾನವಮಿಯಂದು ಲ್ಯಾಬಿನ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಸರ್ವರಿನ ಮುಂದೆ ಕುಂಬಳಕಾಯಿ ಒಡೆದ ಮೇಲೆ ಮೂರ್ನಾಲ್ಕು ದಿನ ಒಂದು ಯಂತ್ರವೂ ಹ್ಯಾಂಗ್ ಆಗುವುದಿಲ್ಲ ಎಂಬುದು ಅಟೆಂಡರ್ ಅವರ ಸಿದ್ಧಾಂತ. ದಾಖಲೆ ತೆಗೆದು ನೋಡಿದರೆ ಮಾತು ಅಕ್ಷರಶಃ ನಿಜ. ಆ ಮೂರ್ನಾಲ್ಕು ದಿನ ದಸರಾ ರಜೆ, ಲ್ಯಾಬಿಗೆ ಬೀಗ. ಪೂಜೆಗೂ ಹ್ಯಾಂಗ್ ಆಗದಿರುವುದಕ್ಕೂ ಇರುವ ಸಹಸಂಬಂಧ ಪರಿಪೂರ್ಣವಾದದ್ದು; ನಡುವೆ ನಿಂತ ರಜೆಯೆಂಬ ಮೂರನೆಯವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಗೊಂದಲ ನಿವಾರಣೆಗೆ ರೊನಾಲ್ಡ್ ಫಿಶರ್ ದಾರಿ ತೋರಿದ್ದಾರೆ. ಲೋಟಕ್ಕೆ ಮೊದಲು ಹಾಲು ಬಿತ್ತೋ ಚಹ ಬಿತ್ತೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎಂದ ಮಹಿಳೆಯ ಮುಂದೆ ಎಂಟು ಕಪ್ಪುಗಳನ್ನು, ನಾಲ್ಕು ಹೀಗೆ ನಾಲ್ಕು ಹಾಗೆ, ಕ್ರಮವಿಲ್ಲದೆ ಕಲಸಿ ಇಡುವ ಪ್ರಯೋಗವನ್ನು ಅವರು 1935ರ ಪುಸ್ತಕದಲ್ಲಿ ವಿವರಿಸುತ್ತಾರೆ. ಸುಮ್ಮನೆ ಊಹಿಸಿ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ 1. ಗುಟ್ಟೆಲ್ಲ ಇರುವುದು ಆ ಕ್ರಮವಿಲ್ಲದಿರುವಿಕೆಯಲ್ಲಿ.

ಅದೇ ಜಾಡಿನಲ್ಲಿ ನಮ್ಮ ಯೋಜನೆ ಸಿದ್ಧವಾಯಿತು. 40 ಯಂತ್ರಗಳಲ್ಲಿ 20ನ್ನು ರ‍್ಯಾಂಡಮ್ ಫಂಕ್ಷನ್ ಆರಿಸಿತು. ಸೀಡ್ 42. ಏಕೆ 42 ಎಂದರೆ ಎಲ್ಲರ ಕೋಡಿನಲ್ಲೂ ಹಾಗೇ ಇದೆ. ಅದರ ಪಾಠಪರಂಪರೆ ಬೇರೆಯೇ ಒಂದು ಪ್ರಬಂಧದ ವಸ್ತು. ಆರಿಸಿದ 20ಕ್ಕೆ ಕುಂಕುಮ, ಉಳಿದ 20ಕ್ಕೆ ಇಲ್ಲ. ರಜೆ ಮುಗಿದ ಮೇಲೆ ಎರಡು ಗುಂಪುಗಳ ಹ್ಯಾಂಗ್‌ಗಳನ್ನು ಒಂದು ತಿಂಗಳು ಎಣಿಸುವುದು. ಎಚ್‌ಒಡಿ ಒಪ್ಪಿಗೆ ಕೊಟ್ಟರು. ಅಟೆಂಡರ್ ಮಾತ್ರ ತಟ್ಟೆ ಹಿಡಿದುಕೊಂಡೇ ಅಡ್ಡ ನಿಂತರು: “ಇಪ್ಪತ್ತಕ್ಕೆ ಇಟ್ಟು ಇಪ್ಪತ್ತಕ್ಕೆ ಬಿಟ್ರೆ ಹೆಂಗೆ ಸಾರ್? ಹಬ್ಬದ ದಿವ್ಸ ಬೋಳು ಬಿಡ್ತಾರಾ ಯಾರಾದ್ರೂ? ನಾಳೆ ಏನಾರ ಆದ್ರೆ ನನ್ ಕೇಳ್ಬೇಡಿ.” ಮಾದರಿ, ಹೋಲಿಕೆ ಗುಂಪು ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳಲಾಯಿತು. ಅವರು ತಲೆಯಾಡಿಸಿದರು.

ರಜೆ ಮುಗಿಸಿ ಬೀಗ ತೆಗೆದಾಗ ಕಂಡ ಫಲಿತಾಂಶವನ್ನು ಇಲ್ಲಿ ದಾಖಲಿಸಲಾಗಿದೆ. ಕುಂಕುಮವಿದ್ದ ಯಂತ್ರಗಳು 40. ಕೆಟ್ಟುಹೋಗಿ ಮೂಲೆಗೆ ಸರಿಸಿದ್ದ ಪ್ರಿಂಟರಿಗೂ ಒಂದು ಬೊಟ್ಟು ಸಿಕ್ಕಿತ್ತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಯಂತ್ರಕ್ಕೊಂದರಂತೆ ಬೊಟ್ಟುಗಳ ಸರಾಸರಿ 1, ಮಧ್ಯಾಂಕ 1, ಬಹುಲಕ 1, ಮಾನಕ ವಿಚಲನೆ ಸೊನ್ನೆ. ಎನ್‌ನಿಂದ ಭಾಗಿಸಿದರೂ ಅಷ್ಟೇ, ಎನ್ ಮೈನಸ್ ಒಂದರಿಂದ ಭಾಗಿಸಿದರೂ ಅಷ್ಟೇ.