ತಾಡೋಬಾದಿಂದ ಮರಳಿದವರ ಫೋಟೊ ಕೈಪಿಡಿ

ಈ ಕೈಪಿಡಿ ಯಾರಿಗೆ

ರೈಲ್ವೆ ಕೆಲಸ, ಬ್ಯಾಂಕಿನ ವರ್ಗಾವಣೆ, ಮಿಹಾನ್ ಕಡೆಯ ಕಂಪನಿ, ಹೀಗೆ ಯಾವುದೋ ನೆಪದಲ್ಲಿ ನಾಗಪುರಕ್ಕೆ ಬಂದು ಇಲ್ಲೇ ಉಳಿದ ಕನ್ನಡದವರಿಗೆ. ಊರಿಂದ ನೆಂಟರು ಬಂದರೆ ಝೀರೋ ಮೈಲ್ ಕಲ್ಲು, ದೀಕ್ಷಾಭೂಮಿ, ಫುಟಾಳಾ ಕೆರೆ ಒಂದೇ ದಿನಕ್ಕೆ ಮುಗಿದುಹೋಗುತ್ತವೆ. ಎರಡನೇ ದಿನ ತಾಡೋಬಾದ ಹುಲಿ ಕಾಡು ತೋರಿಸದೆ ಬೇರೆ ದಾರಿಯಿಲ್ಲ. ಹುಲಿ ರಸ್ತೆ ದಾಟಲು ಅರೆ ನಿಮಿಷ ಸಾಕು. ಅಷ್ಟರಲ್ಲಿ ಭಾವನವರ ಕ್ಯಾಮೆರಾ ಸೆಕೆಂಡಿಗೆ ಹತ್ತರಂತೆ ಹೊಡೆದಿರುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಮೆಮೊರಿ ಕಾರ್ಡ್. ಅದರೊಳಗೆ ಹುಲಿ, ಹುಲಿಯ ಬೆನ್ನು, ಹುಲಿ ಹೋದ ಮೇಲಿನ ರಸ್ತೆ, ಮುಂದಿನ ಜಿಪ್ಸಿಯಲ್ಲಿ ಎದ್ದುನಿಂತವರ ಟೋಪಿ. ನಿಕಾನ್ ಕ್ಯಾಮೆರಾ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಎಣಿಸತೊಡಗುತ್ತದೆ. ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಡಿಎಸ್‌ಸಿ_0417 ಎಂಬ ಹುಲಿ ಇರುತ್ತದೆ, ಡಿಎಸ್‌ಸಿ_0417 ಎಂಬ ನಾಮಕರಣವೂ ಇರುತ್ತದೆ. ಒಂದರ ಮೇಲೊಂದು ಕಾಪಿ ಮಾಡುವಾಗ ‘ರಿಪ್ಲೇಸ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳುತ್ತದೆ. ಓದದೆ ‘ಯೆಸ್’ ಒತ್ತುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಅವರನ್ನು ಕಂಪ್ಯೂಟರಿನಿಂದ ದೂರವಿಡಿ.

ಎಚ್ಚರಿಕೆ

ಸಾಫ್ಟ್‌ವೇರ್ ತೆರೆದ ಕೂಡಲೇ ಸ್ಯಾಚುರೇಶನ್ ಎಳೆಯಬೇಡಿ. ಹುಲಿಯನ್ನು ಇನ್ನಷ್ಟು ಕಿತ್ತಳೆ ಮಾಡಬೇಕಾಗಿಲ್ಲ, ನಾಗಪುರದಲ್ಲಿ ಕಿತ್ತಳೆಗೆ ಬರವಿಲ್ಲ. ಫೋಟೊ ಸಾಫ್ಟ್‌ವೇರ್ ಕೊಳ್ಳಲು ಹೊರಟವರೆಲ್ಲ ತಿದ್ದುವ ಸೌಕರ್ಯ ನೋಡಿ ಮರುಳಾಗುತ್ತಾರೆ. ತಿದ್ದುವುದು ಒಂದು ಸಂಜೆಯ ಕೆಲಸ. ಹುಡುಕುವುದು ಜನ್ಮವಿಡೀ ಇರುತ್ತದೆ.

ಆಯ್ಕೆಯ ವಿಧಾನ

ಯಾವುದೇ ಸಾಫ್ಟ್‌ವೇರನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾಳೆ ನೀನು ಬಾಗಿಲು ಹಾಕಿದರೆ ನಾನು ಬರೆದ ಹೆಸರುಗಳ ಗತಿಯೇನು? ಇದು ಅಪಶಕುನದ ಮಾತಲ್ಲ. ಪಿಕಾಸಾವನ್ನು ಗೂಗಲ್ 2004ರಲ್ಲಿ ಕೊಂಡು, ಮನೆಮನೆಗೂ ಪುಕ್ಕಟೆ ಹಂಚಿ, 2016ರಲ್ಲಿ ನಿಲ್ಲಿಸಿತು. ಆಪಲ್‌ನ ಅಪರ್ಚರ್ 2005ರಲ್ಲಿ ಹುಟ್ಟಿತ್ತು, ಅದನ್ನು ಮುಂದುವರಿಸುವುದಿಲ್ಲವೆಂದು ಕಂಪನಿ 2014ರಲ್ಲೇ ಹೇಳಿಬಿಟ್ಟಿತು. ಒಮ್ಮೆ ದುಡ್ಡು ಕೊಟ್ಟು ಸ್ವಂತ ಮಾಡಿಕೊಳ್ಳಬಹುದಾಗಿದ್ದ ಲೈಟ್‌ರೂಮ್ 2015ರ ಆರನೇ ಆವೃತ್ತಿಗೆ ಮುಗಿಯಿತು, ಈಗ ಬಾಡಿಗೆ. ಬಾಡಿಗೆ ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್ ನಿಮ್ಮ ಫೋಟೊ ತೋರಿಸುತ್ತದೆ, ಹೊರಗೆ ತೆಗೆದುಕೊಳ್ಳಲೂ ಬಿಡುತ್ತದೆ, ತಿದ್ದುವ ಕೋಣೆಗೆ ಮಾತ್ರ ಬೀಗ. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ಮುಗಿದು 15 ಜಿಬಿಯ ಮಿತಿ ಬಂತು.

ಇಲ್ಲಿ ಗುಟ್ಟೊಂದಿದೆ. ಸಾಫ್ಟ್‌ವೇರ್ ಇಟ್ಟುಕೊಳ್ಳುವ ಕ್ಯಾಟಲಾಗ್ ಎಂಬುದರೊಳಗೆ ಫೋಟೊ ಇರುವುದಿಲ್ಲ. ಯಾವ ಫೋಟೊ ಯಾವ ಫೋಲ್ಡರಿನಲ್ಲಿದೆ, ಅದರ ಹೆಸರೇನು, ಅದಕ್ಕೆ ಏನೇನು ತಿದ್ದಿದ್ದೀರಿ ಎಂಬ ಪಟ್ಟಿ ಮಾತ್ರ ಇರುತ್ತದೆ. ಮದುವೆಗೆ ಬಂದ ಪಾತ್ರೆಗಳ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಂದು ಪದ್ಧತಿ, ಪಾತ್ರೆಯ ಅಂಚಿಗೇ ಹೆಸರು ಕೊರೆಸುವುದು ಇನ್ನೊಂದು. ನೋಟ್‌ಬುಕ್ ಕಳೆದರೆ ಯಾವ ಚೆಂಬು ಯಾರದೋ ದೇವರಿಗೇ ಗೊತ್ತು. ಫೋಟೊಗೆ ಹೆಸರು ಕೊರೆಸುವ ವಿಧಾನಕ್ಕೆ ಎಕ್ಸ್‌ಎಂಪಿ ಎನ್ನುತ್ತಾರೆ. ಅಡೋಬಿ 2001ರಲ್ಲಿ ತಂದದ್ದು, ಈಗ ಹೆಚ್ಚುಕಡಿಮೆ ಎಲ್ಲ ಸಾಫ್ಟ್‌ವೇರ್‌ಗಳಿಗೂ ಓದಲು ಬರುತ್ತದೆ. ಹೆಸರು ಜೆಪೆಗ್ ಒಳಗೇ ಕೂರುತ್ತದೆ, ರಾ ಕಡತವಾದರೆ ಪಕ್ಕದಲ್ಲಿ ಒಂದು ಪುಟ್ಟ ಕಡತವಾಗಿ ಇರುತ್ತದೆ. ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್ ಆ ಪಕ್ಕದ ಕಡತವನ್ನು ಕೇಳದೆಯೇ ಬರೆಯುತ್ತದೆ. ಲೈಟ್‌ರೂಮಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಟಿಕ್ ಹಾಕಬೇಕು. ಆ ಟಿಕ್ಕನ್ನು ಯಾಕೆ ಅಷ್ಟು ಒಳಗೆ ಬಚ್ಚಿಟ್ಟಿದ್ದಾರೋ, ಅವರನ್ನೇ ಕೇಳಬೇಕು.

ಹುಲಿಯ ಪಾಠ

ನಿಮ್ಮ ಕಾರ್ಡಿನಲ್ಲಿ ಬರೀ ರಸ್ತೆಯೇ ಹೆಚ್ಚು ಎಂದು ಕೊರಗುವ ಮೊದಲು ಇದನ್ನು ಕೇಳಿ. 2018-19ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿಟ್ಟ ಕ್ಯಾಮೆರಾಗಳು ತೆಗೆದ ಚಿತ್ರ 3,48,58,623. ಅದರಲ್ಲಿ ಹುಲಿ ಇದ್ದದ್ದು 76,651, ಎಂದರೆ ಸಾವಿರಕ್ಕೆ ಎರಡು ಚಿಲ್ಲರೆ. ಗಿನ್ನೆಸ್ ಪುಸ್ತಕಕ್ಕೆ ಸೇರಿದ ಈ ರಾಶಿಯಿಂದ ಮೊದಲು ಪ್ರಾಣಿವಾರು ಬೇರ್ಪಡಿಸಿ, ಆಮೇಲೆ ಪಟ್ಟೆ ಹೋಲಿಸುವ ಸಾಫ್ಟ್‌ವೇರ್‌ನಿಂದ ಗುರುತಿಸಿದ್ದು ಮರಿಗಳನ್ನು ಬಿಟ್ಟು 2,461 ಹುಲಿಗಳನ್ನು. ಬಣ್ಣ ತಿದ್ದಿದ್ದರಿಂದ ಒಂದು ಹುಲಿಯೂ ಸಿಗಲಿಲ್ಲ.

ಈ ಎಣಿಕೆ ವಿದ್ಯೆಯ ಬೇರು ನಮ್ಮ ನಾಗರಹೊಳೆಯಲ್ಲಿದೆ. ಫಿಲ್ಮ್ ರೋಲಿನ ಕಾಲದಲ್ಲೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಯಿಂದ ಹುಲಿಯನ್ನು ಗುರುತಿಸಿ ಎಣಿಸುವ ಲೆಕ್ಕಾಚಾರವನ್ನು 1995ರಲ್ಲಿ ಪ್ರಕಟಿಸಿದರು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತೆ ಇರುವುದಿಲ್ಲ; ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಇಡುವುದು. ಹೀಗೆ ಒಪ್ಪವಾಗಿ ಜೋಡಿಸಿಟ್ಟ ಚಿತ್ರಗಳು ಏನು ಮಾಡಬಲ್ಲವು ಎಂಬುದಕ್ಕೆ 2011ರ ಉದಾಹರಣೆ ಇದೆ. ಶಿಕಾರಿಪುರದ ಕಡೆ ಹಿಡಿದ ಹುಲಿಯೊಂದರ ಪಟ್ಟೆಯನ್ನು ಹಳೆಯ ಚಿತ್ರಗಳ ಜೊತೆ ಇಟ್ಟು ನೋಡಿದರೆ, ಅದು ಹಿಂದಿನ ವರ್ಷ ಬಂಡೀಪುರದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಹುಲಿಯೇ. ನಡೆದು ಬಂದ ದೂರ ಸುಮಾರು 280 ಕಿಲೋಮೀಟರ್. ಚಿತ್ರಗಳು ಡಿಎಸ್‌ಸಿ_0417 ಎಂಬ ಹೆಸರಿನಲ್ಲೇ ಬಿದ್ದಿದ್ದರೆ ಈ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾಗಿ ತಾಡೋಬಾದ ಫೋಟೊಗೆ ‘ಸೂಪರ್ ಹುಲಿ’ ಎಂದು ಟ್ಯಾಗ್ ಬರೆಯಬೇಡಿ. ಯಾವ ಗೇಟು, ಯಾವ ದಿನ, ಯಾವ ಮಗ್ಗುಲು ಎಂದು ಬರೆಯಿರಿ.

ನೆಂಟರಿಗೆ ಟ್ಯಾಗ್ ಹಾಕುವಾಗ

ಹುಲಿಗಿಂತ ನೆಂಟರು ಕಷ್ಟ. ‘ಭಾವ’ ಎಂದು ಟ್ಯಾಗ್ ಹಾಕಿದರೆ ನಿಮಗೆ ಸರಿ, ನಿಮ್ಮ ಮಕ್ಕಳಿಗೆ ಅವರು ಮಾವ. ‘ಅಜ್ಜಿ’ ಎಂದರೆ ಯಾರ ಅಜ್ಜಿ? ಇಪ್ಪತ್ತು ವರ್ಷದ ಮೇಲೆ ಹುಡುಕುವವರು ನೀವಲ್ಲ, ಆದ್ದರಿಂದ ಪೂರ್ತಿ ಹೆಸರು, ಜೊತೆಗೆ ಊರು. ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡ್‌ನಲ್ಲಿ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ದೊಡ್ಡಮ್ಮ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಾರೆ.

ದೋಷ ನಿವಾರಣೆ

ಅಪ್ಪ ಅಮ್ಮನ ಮದುವೆ ಈ ವರ್ಷ ನಡೆದಂತೆ ತೋರಿಸುತ್ತಿದೆ: ಹಳೆಯ ಆಲ್ಬಮ್ ಸ್ಕ್ಯಾನ್ ಮಾಡಿದ ತಾರೀಕು ಅದು. ಡಿಜಿಕ್ಯಾಮ್ ಎಂಬ ಸಾಫ್ಟ್‌ವೇರ್‌ನಲ್ಲಿ ತಾರೀಕು ತಿದ್ದಲು ಬರುತ್ತದೆ.

ಲೈಟ್‌ರೂಮಿನಲ್ಲಿ ಎಲ್ಲ ಫೋಟೊ ಮೇಲೂ ಉದ್ಗಾರ ಚಿಹ್ನೆ ಬಂದಿದೆ: ಫೋಲ್ಡರನ್ನು ಕ್ಯಾಟಲಾಗಿಗೆ ಹೇಳದೆ ಯಾರೋ ಸರಿಸಿದ್ದಾರೆ. ‘ಯೆಸ್’ ಒತ್ತಿದವರನ್ನೇ ವಿಚಾರಿಸಿ.

ವಾಟ್ಸಾಪ್‌ನಲ್ಲಿ ಬಂದ ಹುಲಿ ಮಸುಕಾಗಿದೆ: ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಕ್ಯಾಮೆರಾ ಬರೆದ ತಾರೀಕು, ಜಾಗದ ವಿವರವನ್ನೂ ಉದುರಿಸುತ್ತದೆ. ಭಾವನವರಿಂದ ಮೂಲ ಕಡತವನ್ನೇ ಇಸಿದುಕೊಳ್ಳಿ.

ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದೆ: ಇಷ್ಟು ಹೊತ್ತಿಗೆ ಮೂರು ಪ್ರತಿ ಇರಬೇಕಿತ್ತು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಲ್ಲಿ. ಅತ್ತೆಯ ಮನೆಯ ಬೀರು ನಡೆಯುತ್ತದೆ. ಮೇ ತಿಂಗಳಲ್ಲಿ ನಾಗಪುರದ ಬಿಸಿಲಿಗೆ ನಿಲ್ಲಿಸಿದ ಕಾರು ನಡೆಯುವುದಿಲ್ಲ.

ತೀರ್ಮಾನ

ದಿನವೂ ರಾ ಫೋಟೊ ತೆಗೆದು ಅದರಿಂದಲೇ ಅನ್ನ ತಿನ್ನುವವರು ಲೈಟ್‌ರೂಮ್ ಕ್ಲಾಸಿಕ್‌ಗೆ ಬಾಡಿಗೆ ಕಟ್ಟಲಿ, ಆ ಟಿಕ್ ಮರೆಯದಿರಲಿ. ಮನೆಮಂದಿಗೆ ಡಿಜಿಕ್ಯಾಮ್ ಸಾಕು: ಪುಕ್ಕಟೆ, ವಿಂಡೋಸ್‌ಗೂ ಲಿನಕ್ಸ್‌ಗೂ ಮ್ಯಾಕ್‌ಗೂ ಸಿಗುತ್ತದೆ, ಮುಖ ಗುರುತಿಸುತ್ತದೆ, ಹೇಳಿದರೆ ಹೆಸರನ್ನು ಫೋಟೊದೊಳಗೇ ಬರೆದಿಡುತ್ತದೆ. ನೋಡಲು ಅಂದವಾಗಿಲ್ಲ, ಮೊದಲ ವಾರ ಸಿಟ್ಟೂ ಬರುತ್ತದೆ. ಆದರೂ ಅದನ್ನೇ ಹಾಕಿಕೊಳ್ಳಿ.