ಮೂಳೆ ಸವೆಸುವ ಸುಲಭ ವಿಧಾನ: ಗಂಡಸರಿಗೆ ಮಾತ್ರ

ಬಳಸುವ ಮುನ್ನ ಪೂರ್ತಿ ಓದಿ. ಈ ಕೈಪಿಡಿ ನಲವತ್ತೈದು ದಾಟಿದ, ಕಾರೋ ಬೈಕೋ ಇಟ್ಟುಕೊಂಡ, ‘ನನಗೇನಾಗಿದೆ, ಗುಂಡುಕಲ್ಲಿನಂಗಿದ್ದೀನಿ’ ಎನ್ನುವ ಗಂಡಸರಿಗಾಗಿ. ಹೆಂಗಸರ ಆವೃತ್ತಿ ಅಚ್ಚಾಗಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆಂದು ಅವರಿಗೆ ಊರೆಲ್ಲ ಹೇಳಿಯಾಗಿದೆ, ಫ್ರಿಜ್ಜಿನ ಮೇಲೆ ಕ್ಯಾಲ್ಸಿಯಂ ಮಾತ್ರೆಯ ಡಬ್ಬವೂ ಬಂದು ಕೂತಿದೆ. ಆ ಡಬ್ಬಕ್ಕೂ ತಮಗೂ ಸಂಬಂಧವಿಲ್ಲ ಎಂದು ನಂಬುವುದೇ ಮೊದಲ ಹೆಜ್ಜೆ. ಐವತ್ತು ದಾಟಿದ ಗಂಡಸರಲ್ಲಿ ಐವರಿಗೊಬ್ಬರು ಟೊಳ್ಳು ಮೂಳೆಯ ದೆಸೆಯಿಂದ ಎಲುಬು ಮುರಿದುಕೊಳ್ಳುತ್ತಾರೆಂಬ ಜಾಗತಿಕ ಅಂದಾಜಿದೆ. ಆ ಒಬ್ಬ ಪಕ್ಕದ ಮನೆಯವನು ಎಂದುಕೊಂಡು ಮುಂದುವರಿಯಿರಿ.

ಬಿಡಿಭಾಗಗಳು ಒಟ್ಟು 206. ಒಮ್ಮೆ ಬೆಳೆದು ನಿಂತ ಮೂಳೆ ಹಾಗೇ ಇರುತ್ತದೆ ಎಂದು ತಿಳಿದಿದ್ದರೆ ಅದು ತಪ್ಪು. ಒಳಗೆ ಬೆಂಗಳೂರಿನ ರಸ್ತೆಯದೇ ಕಥೆ: ಒಂದು ಜಾತಿಯ ಕೋಶಗಳು ಅಗೆಯುತ್ತಲೇ ಇರುತ್ತವೆ, ಇನ್ನೊಂದು ಜಾತಿಯವು ಹಿಂದೆಯೇ ಬಂದು ಮುಚ್ಚುತ್ತವೆ. ಹೀಗೆ ವರ್ಷಕ್ಕೆ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಮೂವತ್ತರ ಆಸುಪಾಸಿನವರೆಗೆ ಮುಚ್ಚುವವರ ಕೈ ಮೇಲು. ಆಮೇಲೆ ನಿಧಾನವಾಗಿ ಅಗೆಯುವವರದು. ತಾವು ಮಾಡಬೇಕಾದದ್ದಿಷ್ಟೇ: ಅಗೆಯುವವರಿಗೆ ನೆರವಾಗುವುದು, ಮುಚ್ಚುವವರಿಗೆ ಸಾಮಾನು ಸಿಗದಂತೆ ನೋಡಿಕೊಳ್ಳುವುದು.

ಸಾಮಾನು ತಪ್ಪಿಸುವ ಕೆಲಸ ಊಟದ ತಟ್ಟೆಯಿಂದ ಶುರು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ, ಆದರೆ ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದ್ದರಿಂದ ಮಂಡ್ಯ, ತುಮಕೂರು ಕಡೆಯಿಂದ ಬಂದವರು ಮುದ್ದೆಯನ್ನು ಊರಿನ ಹಬ್ಬಕ್ಕೆ ಮೀಸಲಿಟ್ಟು, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಎಂಬ ಕ್ರಮ ಪಾಲಿಸಿ. ನುಗ್ಗೆಸೊಪ್ಪು ಬಿಡಿಸುವುದು ರಗಳೆ. ಎಳ್ಳು ಸಂಕ್ರಾಂತಿಗೆ ಒಂದು ಚಿಟಿಕೆ ಸಾಕು. ಮಜ್ಜಿಗೆ ಶೀತ.

ಇನ್ನು ಬಿಸಿಲು. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು, ಅದನ್ನು ಚರ್ಮವೇ ತಯಾರಿಸುತ್ತದೆ. ಅದಕ್ಕೆ ಬೇಕಾದ ಕಿರಣ ಗಾಜನ್ನು ದಾಟುವುದಿಲ್ಲ. ಹಾಗಾಗಿ ಆಫೀಸಿನ ಕಿಟಕಿಯ ಪಕ್ಕ, ಕಾರಿನ ಒಳಗೆ ಎಷ್ಟು ಬಿಸಿಲು ಕಾಯಿಸಿದರೂ ಅಪಾಯವಿಲ್ಲ. ವಾಕಿಂಗ್ ಬಿಡಲಾರದವರು ಕಬ್ಬನ್ ಪಾರ್ಕಿಗೆ ಐದೂವರೆಗೇ ಹೋಗಿ: ಸ್ವೆಟರ್, ಮಂಕಿ ಕ್ಯಾಪ್, ಕಾಲುಚೀಲ, ಕಾಣುವುದು ಮೂಗಿನ ತುದಿ ಮಾತ್ರ. ಸೂರ್ಯ ಮೇಲೇರುವ ಹೊತ್ತಿಗೆ ದರ್ಶಿನಿಯ ಸೂರಿನ ಕೆಳಗೆ ವಡೆ ಸಾಂಬಾರಿನಲ್ಲಿರಬೇಕು.

ವ್ಯಾಯಾಮ ಮಾಡಲೇಬೇಕೆಂದರೆ ಈಜಿ, ಸೈಕಲ್ ತುಳಿಯಿರಿ. ಹೃದಯಕ್ಕೆ ಬಹಳ ಒಳ್ಳೆಯದು, ಮೂಳೆಗೆ ಹೆಚ್ಚೇನೂ ಇಲ್ಲ. ಮೂಳೆ ಗಟ್ಟಿಯಾಗುವುದು ಪೆಟ್ಟು ಬಿದ್ದಾಗ, ಭಾರ ಹೊತ್ತಾಗ. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಬಾಹ್ಯಾಕಾಶದಲ್ಲಿ ತೇಲುವವರ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತದೆ. ಸೋಫಾದಲ್ಲಿ ಅಷ್ಟು ವೇಗ ಸಿಗುವುದಿಲ್ಲ, ನಿರಾಶರಾಗಬೇಡಿ. ವೇಗ ಬೇಕಿದ್ದವರಿಗೆ ಸಿಗರೇಟಿದೆ, ಸಂಜೆಯ ಗುಂಡಿದೆ. ಎಲ್ಲಕ್ಕಿಂತ ಚುರುಕಾದದ್ದು ಸ್ಟಿರಾಯ್ಡ್. ಡಾಕ್ಟರ ಚೀಟಿಯಿದ್ದರೆ ಅವರು ಮೂಳೆಯ ಮೇಲೂ ಒಂದು ಕಣ್ಣಿಟ್ಟಾರು. ಆದ್ದರಿಂದ ಮಂಡಿನೋವಿಗೆ ಯಾರೋ ಕೊಟ್ಟ, ಹೆಸರಿಲ್ಲದ, ಎರಡೇ ದಿನಕ್ಕೆ ‘ಮ್ಯಾಜಿಕ್’ ಮಾಡುವ ಪುಡಿಯನ್ನು ಒಳಗೇನಿದೆ ಎಂದು ಕೇಳದೆ ತಿಂಗಳುಗಟ್ಟಲೆ ನೆಕ್ಕಿ.

ಎಚ್ಚರಿಕೆ: ಈ ಭಾಗವನ್ನು ಮೀಸೆ ತಿರುವುತ್ತ ಓದಬೇಡಿ. ಗಂಡಸಿನ ಮೂಳೆ ಕಾಯುವುದು ಟೆಸ್ಟೊಸ್ಟೆರಾನ್ ಒಂದೇ ಅಲ್ಲ. ಅದರ ಒಂದು ಪಾಲು ಮೈಯಲ್ಲೇ ಈಸ್ಟ್ರೊಜನ್ ಆಗಿ ಬದಲಾಗಿ ಹೆಚ್ಚಿನ ಕಾವಲು ಕಾಯುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಗಂಡಸಿನ ವಿಷಯ ಪ್ರಕಟಿಸಿದರು. ಟೆಸ್ಟೊಸ್ಟೆರಾನ್ ಸರಿಯಾಗಿಯೇ ಇತ್ತು, ಆದರೆ ಈಸ್ಟ್ರೊಜನ್ನಿಗೆ ಅವನ ಮೈ ಓಗೊಡುತ್ತಿರಲಿಲ್ಲ. ಆಳು 204 ಸೆಂಟಿಮೀಟರ್ ಎತ್ತರ, ಇನ್ನೂ ಬೆಳೆಯುತ್ತಲೇ ಇದ್ದ, ಮೂಳೆ ಮಾತ್ರ ಟೊಳ್ಳು. ‘ಹೆಂಗಸರ ಕಾಯಿಲೆ’ ಎಂಬ ತಮ್ಮ ನಂಬಿಕೆಗೆ ಈ ಸಂಗತಿ ಧಕ್ಕೆ ತರುವುದರಿಂದ ಮರೆತುಬಿಡುವುದು ಲೇಸು.

ಪ್ರಗತಿ ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ, ಅದೇ ಇದರ ಸೊಗಸು. ಬೆನ್ನಿನ ಕಶೇರುಗಳು ಸದ್ದಿಲ್ಲದೆ ಕುಸಿಯುತ್ತವೆ. ಕುಗ್ಗುವುದು ಬೆನ್ನು, ಕಾಲಲ್ಲ. ಆದ್ದರಿಂದ ಪ್ಯಾಂಟಿನ ಉದ್ದ ಅಷ್ಟೇ ಇರುತ್ತದೆ, ದರ್ಜಿಗೂ ಸುಳಿವು ಸಿಗುವುದಿಲ್ಲ. ಅಟ್ಟದ ಮೇಲಿನ ಡಬ್ಬ ಕೈಗೆಟುಕದಿದ್ದರೆ ಮಗನನ್ನು ಕರೆಯಿರಿ, ಗೋಡೆಗೆ ಒರಗಿ ಎತ್ತರ ಅಳೆಯಲು ಹೋಗಬೇಡಿ.

ಒಂದು ದಿನ ಬಚ್ಚಲಲ್ಲಿ ಜಾರುತ್ತೀರಿ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಎಲುಬು ಮುರಿಯಿತೆಂದರೆ ಮೂಳೆಯನ್ನು ಅನುಮಾನಿಸಬೇಕೆನ್ನುತ್ತಾರೆ ವೈದ್ಯರು. ತಾವು ಸೋಪನ್ನು ಬಯ್ಯಿರಿ. ಮುರಿದದ್ದು ಸೊಂಟವಾದರೆ ಹುಷಾರು: ಆ ಪೆಟ್ಟಿನ ನಂತರದ ವರ್ಷದಲ್ಲಿ ಸಾಯುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಕೈಪಿಡಿಯ ಹೊಣೆ ಇಲ್ಲಿಗೆ ಮುಗಿಯುತ್ತದೆ.

ಮುರಿದದ್ದು ಕೈಯೋ ಕಾಲೋ ಆಗಿದ್ದು, ಪಟ್ಟು ಹಿಡಿದ ಮೂಳೆ ಡಾಕ್ಟರೊಬ್ಬರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿಗೆ ಬರೆದರೆ ಗಾಬರಿ ಬೇಡ. ನೋವಿಲ್ಲ, ಹತ್ತು ಹದಿನೈದು ನಿಮಿಷ ಮಲಗಿದರಾಯಿತು. ಟಿ-ಸ್ಕೋರ್ ಎಂಬ ಅಂಕಿ ಬರುತ್ತದೆ. ಮೈನಸ್ 1ರವರೆಗೆ ಪರವಾಗಿಲ್ಲ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ತಮ್ಮದು ಮೈನಸ್ 2.6 ಎಂದಿಟ್ಟುಕೊಳ್ಳಿ. ಊರಿಗೆ ಫೋನ್ ಹಚ್ಚಿ, ‘ರಿಪೋರ್ಟು ನೆಗೆಟಿವ್ ಬಂತು ಕಣಮ್ಮಾ’ ಎನ್ನಿ. ಅಮ್ಮ ಹರಕೆ ತೀರಿಸಲು ಹೊರಡುತ್ತಾರೆ. ಹರಕೆ ಚಾಮುಂಡಿಯದಾದರೆ ಬಸ್ಸಿನಲ್ಲೇ ಹೋಗಿ. ಸಾವಿರ ಮೆಟ್ಟಿಲು ಹತ್ತಿಬಿಟ್ಟರೆ ಇಷ್ಟು ವರ್ಷ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ.